ಪ್ರತಿಕ್ರಿಯೆ: ಪಿಸ್ಟನ್ ಮೊದಲಾ, ಬೋರಿಂಗ್ ಮೊದಲಾ?

ಎಂಜಿನ್ ಬ್ಲಾಕ್ ಬೋರ್ ಮಾಡಿಸಿ, ಅಂದರೆ ಸವೆದ ಸಿಲಿಂಡರ್‌ಗಳನ್ನು ಮೆಷಿನ್ ಶಾಪ್‌ನಲ್ಲಿ ಕೊರೆಸಿ ಅಗಲ ಮಾಡಿಸಿ, ಆಮೇಲೆ ಹೊಸ ಪಿಸ್ಟನ್ ತಗೊಳ್ಳಲಾ ಅಂತ ಕೇಳಿದ್ದೀರಿ. ಬೇಡ. ಮೊದಲು ಬರೀ ಅಳತೆ ಮಾಡಿಸಿ. ಒಂದೊಂದು ಸಿಲಿಂಡರನ್ನೂ ಮೇಲೆ, ನಡುವೆ, ಕೆಳಗೆ, ಅದೂ ಎರಡು ದಿಕ್ಕಿನಲ್ಲಿ ಬೋರ್ ಗೇಜ್ (ಒಳವ್ಯಾಸ ಅಳೆಯೋ ಸಾಧನ) ಹಾಕಿ ನೋಡಿದರೆ ಎಷ್ಟು ಸವೆದಿದೆ, ಎಷ್ಟು ಅಂಡಾಕಾರ ಆಗಿದೆ ಅಂತ ಗೊತ್ತಾಗುತ್ತೆ. ಆಗ 0.25 ಸಾಕಾ, 0.50 ಮಿ.ಮೀ. ಓವರ್‌ಸೈಜ್ (ಮೂಲ ಅಳತೆಗಿಂತ ಅಷ್ಟು ದೊಡ್ಡದು) ಬೇಕಾ ಅಂತ ಶಾಪ್‌ನವರೇ ಹೇಳುತ್ತಾರೆ. ಆ ಸೈಜಿನ ಪಿಸ್ಟನ್ ನಿಮ್ಮ ಎಂಜಿನ್‌ಗೆ ಸಿಗುತ್ತಾ ನೋಡಿ, ತಂದು ಅವರ ಕೈಗೆ ಕೊಡಿ, ಆಮೇಲೆ ಬೋರಿಂಗ್. ಡಬ್ಬಿ ಮೇಲಿನ ನಂಬರ್ ನಂಬಿ ಕೊರೆಯೋದಲ್ಲ, ಪಿಸ್ಟನ್ನನ್ನೇ ಮೈಕ್ರೋಮೀಟರ್‌ನಲ್ಲಿ ಅಳೆದು, ತಯಾರಕರು ಹೇಳಿದ ಕ್ಲಿಯರೆನ್ಸ್ (ಪಿಸ್ಟನ್ ಮತ್ತು ಸಿಲಿಂಡರ್ ಗೋಡೆ ನಡುವಿನ ಸಂದು) ಬರೋ ಹಾಗೆ ಹೋನಿಂಗ್‌ನಲ್ಲಿ, ಅಂದರೆ ಸಾಣೆಕಲ್ಲಿನಿಂದ ನವಿರಾಗಿ ಉಜ್ಜಿ, ಮುಗಿಸಬೇಕು. ಇಲ್ಲಿ ಒಂದು ಮಿಲಿಮೀಟರಿನ ನೂರನೇ ಒಂದು ಭಾಗಕ್ಕೂ ಬೆಲೆ ಇದೆ.

ಕ್ರ್ಯಾಂಕ್‌ದೂ (ಪಿಸ್ಟನ್‌ಗಳ ಓಡಾಟವನ್ನು ತಿರುಗಾಟ ಮಾಡೋ ಶಾಫ್ಟ್) ಇದೇ ಕತೆ. ಗ್ರೈಂಡ್ ಮಾಡಿಸಿದರೆ ಅದು ಸಣ್ಣದಾಗುತ್ತೆ, ಅದಕ್ಕೆ ಹೊಂದೋ ಅಂಡರ್‌ಸೈಜ್ ಬೇರಿಂಗ್ ಬೇಕು. ಬಿಚ್ಚುವಾಗಲೇ ಮೇನ್ ಕ್ಯಾಪ್‌ಗಳಿಗೆ (ಕ್ರ್ಯಾಂಕನ್ನು ಬ್ಲಾಕಿಗೆ ಹಿಡಿದಿಡೋ ಮುಚ್ಚಳಗಳು) ನಂಬರ್ ಮತ್ತು ದಿಕ್ಕಿನ ಗುರುತು ಹಾಕಿಡಿ, ಅದಲುಬದಲಾದರೆ ದೊಡ್ಡ ತಲೆನೋವು.

"ಎಲ್ಲಾ ನೋಡಿ ಮಾಡಿಬಿಡಿ" ಅಂತ ಮಾತ್ರ ಹೇಳಬೇಡಿ. ಏನೇನು ಕೆಲಸ, ಎಷ್ಟು ಕ್ಲಿಯರೆನ್ಸ್, ಎಲ್ಲ ಚೀಟಿಯಲ್ಲಿ ಬರೆದು ಕೊಡಿ. ಕೊನೆ ಅಳತೆಗಳನ್ನೂ ಬರೆಸಿಕೊಳ್ಳಿ. ಒಳ್ಳೆ ಶಾಪ್‌ನವರು ಇದಕ್ಕೆ ಬೇಜಾರು ಮಾಡಿಕೊಳ್ಳಲ್ಲ, ಮಾಡಿಕೊಂಡರೆ ಬೇರೆ ಶಾಪ್ ನೋಡೋದೇ ವಾಸಿ.

ಬ್ಲಾಕ್ ವಾಪಸ್ ಬಂದಾಗ ತೊಳೆದೇ ಕೊಟ್ಟಿದ್ದೀವಿ ಅಂತಾರೆ. ಆದರೂ ಬಿಸಿನೀರು, ಸೋಪು, ಬ್ರಷ್ ಹಿಡಿದು ನೀವೇ ಇನ್ನೊಮ್ಮೆ ಉಜ್ಜಿ, ಆಯಿಲ್ ದಾರಿಗಳನ್ನೂ ಬಿಡಬೇಡಿ. ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬೂದು ಬಣ್ಣ ಹತ್ತಬಾರದು. ಒಣಗಿದ ತಕ್ಷಣ ಆಯಿಲ್ ಸವರಿ, ಇಲ್ಲಾಂದ್ರೆ ನೋಡ್ತಾ ನೋಡ್ತಾ ತುಕ್ಕು ಹಿಡಿಯುತ್ತೆ.