ಬಿಲ್ಲುಬೇಟೆಯ ಸೀಸನ್‌ನಲ್ಲಿ ಕ್ರಾಸ್‌ಬೋ: ಬಿಡಬೇಕು, ಆದರೆ ಎಲ್ಲ ಕಡೆಯೂ ಅಲ್ಲ

"ಅಮೆರಿಕದಲ್ಲಿ ಬಿಲ್ಲುಬಾಣದ ಬೇಟೆಗೆಂದೇ ಬೇರೆ ಸೀಸನ್ ಇದೆಯಂತೆ. ಅದರಲ್ಲಿ ಕ್ರಾಸ್‌ಬೋ ಹಿಡಿದು ಬರುವವರನ್ನೂ ಬಿಡುವುದು ಸರಿಯೇ? ಅದು ಬಂದೂಕಿಗೆ ಸಮ ಅಲ್ವಾ?" ಎಂದು ಕೇಳಿದ್ದೀರಿ.

ನಾನು ಪೆನ್ಸಿಲ್ವೇನಿಯಾದಲ್ಲಿ ಇದ್ದೇನೆ. ಲೈಸೆನ್ಸ್ ತೆಗೆದುಕೊಂಡು ಪ್ರತಿ ವರ್ಷ ಜಿಂಕೆ ಬೇಟೆಗೆ ಹೋಗುತ್ತೇನೆ, ಗಾಲಿ ಇರುವ ಕಾಂಪೌಂಡ್ ಬಿಲ್ಲು ಹಿಡಿದು. ಕ್ರಾಸ್‌ಬೋ, ಅಂದರೆ ಬಂದೂಕಿನಂಥ ಹಿಡಿಯ ಮೇಲೆ ಅಡ್ಡ ಕೂರಿಸಿದ, ಟ್ರಿಗರ್ ಒತ್ತಿ ಬಾಣ ಬಿಡುವ ಬಿಲ್ಲು, ನನ್ನ ಹತ್ತಿರ ಇಲ್ಲ. ಆದರೂ ಇಲ್ಲಿ ಅದನ್ನು ಬಿಟ್ಟಿರುವುದು ಸರಿ ಅಂತಲೇ ನನ್ನ ಅಭಿಪ್ರಾಯ. ಪ್ರಾಣಿಗಳು ಕಡಿಮೆ ಇರುವ ಕಡೆ ಮಾತ್ರ ಬಿಡಬಾರದು.

ಊರಲ್ಲಿರುವವರಿಗೆ ಇದು ವಿಚಿತ್ರ ಅನ್ನಿಸಬಹುದು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಬೇಟೆ ಅಂದರೆ ಅಪರಾಧ. ಇಲ್ಲಿ ಹಾಗಲ್ಲ. ತೋಳಗಳು ಎಂದೋ ಹೋದವು. ಬಿಳಿಬಾಲದ ಜಿಂಕೆಗಳು ಹಿತ್ತಲಿಗೆ ಬಂದು ಗಿಡ ತಿನ್ನುತ್ತವೆ, ರಸ್ತೆಗೆ ಅಡ್ಡ ಬಂದು ಕಾರಿಗೆ ಸಿಕ್ಕಿ ಸಾಯುತ್ತವೆ. ಕಾಡಿನಲ್ಲಿ ಓಕ್ ಸಸಿ ಮೇಲೇಳಲು ಬಿಡುವುದಿಲ್ಲ. ಅವುಗಳ ಸಂಖ್ಯೆಯನ್ನು ಹಿಡಿತದಲ್ಲಿಡಲು ಸರ್ಕಾರಕ್ಕೆ ಇರುವ ಮುಖ್ಯ ದಾರಿ ಬೇಟೆಗಾರರೇ.

ಬಿಲ್ಲಿಗೆ ಬೇರೆ ಸೀಸನ್ ಯಾಕೆ ಬಂತು ಅನ್ನುವುದು ಮೊದಲು ಗೊತ್ತಿರಬೇಕು. ವಿಸ್ಕಾನ್ಸಿನ್‌ನಲ್ಲಿ 1934ರಲ್ಲಿ ಕೊಲಂಬಿಯಾ ಮತ್ತು ಸಾಕ್ ಎಂಬ ಎರಡು ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಂಥವು) ಇಂಥ ಸೀಸನ್ ಶುರುವಾಯಿತು. ಬಿಲ್ಲಿನವನು ಇಪ್ಪತ್ತು ಮೂವತ್ತು ಗಜದಷ್ಟು ಹತ್ತಿರ ಹೋಗಬೇಕು. ಹೆಚ್ಚಿನವರು ಬರಿಗೈಯಲ್ಲಿ ವಾಪಸ್ ಬರುತ್ತಾರೆ. ಹಾಗಾಗಿ ಅವರಿಗೆ ಜಾಸ್ತಿ ದಿನ ಕೊಟ್ಟರೂ ಪ್ರಾಣಿಗಳಿಗೆ ಹೊಡೆತ ಇಲ್ಲ ಅನ್ನುವುದು ಲೆಕ್ಕ. ಪೆನ್ಸಿಲ್ವೇನಿಯಾದಲ್ಲಿ ಬಿಲ್ಲಿನ ಸೀಸನ್ ಅಕ್ಟೋಬರ್ ಪೂರ್ತಿ ನಡೆದು ನವೆಂಬರ್ ಮಧ್ಯ ದಾಟುತ್ತದೆ. ಜಿಂಕೆಗೆ ರೈಫಲ್ ಸೀಸನ್ ಥ್ಯಾಂಕ್ಸ್‌ಗಿವಿಂಗ್ (ನವೆಂಬರ್ ನಾಲ್ಕನೇ ಗುರುವಾರದ ಹಬ್ಬ) ಆದಮೇಲೆ ಸುಮಾರು ಎರಡು ವಾರ, ಅಷ್ಟೇ. ನವೆಂಬರ್ ಮೊದಲೆರಡು ವಾರ ಜಿಂಕೆಗಳಿಗೆ ಬೆದೆಯ ಕಾಲ. ವರ್ಷವಿಡೀ ಕಣ್ಣಿಗೆ ಬೀಳದ ದೊಡ್ಡ ಗಂಡು ಜಿಂಕೆ ಆಗ ಹಗಲಲ್ಲೇ ಓಡಾಡುತ್ತದೆ. ಜಗಳವೆಲ್ಲ ಈ ದಿನಗಳ ಮೇಲೆಯೇ. ಕ್ರಾಸ್‌ಬೋ ಬೇಡ ಅನ್ನುವವರ ಸಿಟ್ಟು ಸುಮ್ನೆ ಹಟ ಅಲ್ಲ. ಕಷ್ಟದ ಆಯುಧ ಹಿಡಿದವರಿಗೆ ಕೊಟ್ಟ ಒಳ್ಳೆಯ ದಿನಗಳನ್ನು ಸುಲಭದ ಆಯುಧದವರು ಬಂದು ಹಂಚಿಕೊಳ್ಳುತ್ತಿದ್ದಾರೆ ಅನ್ನುವುದು ಅವರ ಮಾತು.

ಸುಲಭ ಹೌದೇ? ಹೌದು. ನಾನು ಅಟ್ಟಣೆಯ ಮೇಲೆ ಕೂತಾಗ ಅತಿ ಕಷ್ಟದ ಕ್ಷಣ ಅಂದರೆ ಹೆದೆ ಎಳೆಯುವ ಕ್ಷಣ. ಜಿಂಕೆ ಹತ್ತಿರ ಬಂದಿರುತ್ತದೆ, ನಾನು ಕೈ ಆಡಿಸಲೇಬೇಕು. ಅದು ತಲೆ ಎತ್ತಿದರೆ ಮುಗಿಯಿತು. ಕ್ರಾಸ್‌ಬೋದವರಿಗೆ ಈ ಕಷ್ಟ ಇಲ್ಲ. ಹೆದೆಯನ್ನು ಬೆಳಗ್ಗೆಯೇ ಎಳೆದು ಕೊಕ್ಕೆಗೆ ಸಿಕ್ಕಿಸಿರುತ್ತಾರೆ. ಮೇಲೆ ಸ್ಕೋಪ್ ಇರುತ್ತದೆ, ಹೆಗಲಿಗೆ ಕೊಟ್ಟು ಟ್ರಿಗರ್ ಒತ್ತಿದರೆ ಆಯಿತು. ನಾನು ಬೇಸಿಗೆಯಿಡೀ ಅಭ್ಯಾಸ ಮಾಡಿ ಪಡೆದ ಗುರಿಯನ್ನು ಅವರು ಕೆಲವೇ ದಿನಗಳಲ್ಲಿ ಪಡೆಯಬಹುದು.

ಆದರೆ ಅದು ಬಂದೂಕು ಅಲ್ಲವೇ ಅಲ್ಲ. ಕ್ರಾಸ್‌ಬೋ ಬಾಣ ಸೆಕೆಂಡಿಗೆ 400 ಅಡಿ ಹೋಗುತ್ತದೆ ಅಂದುಕೊಳ್ಳಿ. ಶಬ್ದ ಸುಮಾರು 1,100 ಅಡಿ ಹೋಗುತ್ತದೆ. ಅಂದರೆ ಹೆದೆಯ ಸದ್ದು ಬಾಣಕ್ಕಿಂತ ಮೊದಲು ಜಿಂಕೆಯನ್ನು ಮುಟ್ಟುತ್ತದೆ. ಮೂವತ್ತು ಗಜದಲ್ಲಿ ಅದಕ್ಕೆ ಸಿಗುವ ಸಮಯ ಸೆಕೆಂಡಿನ ಏಳನೇ ಒಂದು ಭಾಗ. ಅರವತ್ತು ಗಜವಾದರೆ ಇದರ ಎರಡರಷ್ಟು. ಅಷ್ಟರಲ್ಲಿ ಗಾಬರಿಯಾದ ಜಿಂಕೆ ಮೈ ಕುಗ್ಗಿಸಿ ಓಡಲು ತಯಾರಾಗಿರುತ್ತದೆ. ಎದೆಗೆ ಬೀಳಬೇಕಾದ ಬಾಣ ಬೆನ್ನಿಗೋ ಇನ್ನೆಲ್ಲಿಗೋ ಬೀಳುತ್ತದೆ. ರೈಫಲ್ ಗುಂಡು ಶಬ್ದಕ್ಕಿಂತ ವೇಗವಾಗಿ ಹೋಗುವುದರಿಂದ ಅಲ್ಲಿ ಈ ತೊಂದರೆಯೇ ಇಲ್ಲ. ಅದಕ್ಕೇ ಅಂಗಡಿಯವರು ನೂರು ಗಜ ಹೊಡೆಯುತ್ತದೆ ಅಂದಾಗ ನನಗೆ ಕೋಪ ಬರುತ್ತದೆ. ಗುರಿಹಲಗೆಗೆ ನೂರು ಗಜದಿಂದ ಹೊಡೆಯಬಹುದು, ಅದು ಅಲ್ಲಾಡುವುದಿಲ್ಲ. ಜೀವಂತ ಪ್ರಾಣಿಗೆ ನಲವತ್ತು ಗಜ ದಾಟಿ ಹೊಡೆಯುವುದು ತಪ್ಪು. ಬಾಣ ಕೊಲ್ಲುವುದು ರಕ್ತ ಹರಿಸಿ. ಸರಿಯಾಗಿ ಶ್ವಾಸಕೋಶಕ್ಕೆ ಬಿದ್ದರೂ ಜಿಂಕೆ ನೂರು ಗಜ ಓಡಿ ಬೀಳುತ್ತದೆ. ಹೊಟ್ಟೆಗೆ ಬಿದ್ದರೆ ಗಂಟೆಗಟ್ಟಲೆ ನರಳುತ್ತದೆ.

ಇನ್ನು ಯಂತ್ರದ ನೆರವಿಲ್ಲದ "ಶುದ್ಧ ಬಿಲ್ಲು" ಮಾತ್ರ ಇರಬೇಕು ಅನ್ನುವ ವಾದ. ಅದು ನನ್ನ ಬಾಯಲ್ಲಿ ಬರುವಂತಿಲ್ಲ. ನನ್ನ ಕೈಯಲ್ಲಿರುವ ಕಾಂಪೌಂಡ್ ಬಿಲ್ಲಿನಲ್ಲಿ ಗಾಲಿಗಳಿವೆ, ಪೂರ್ತಿ ಎಳೆದ ಮೇಲೆ ಭಾರದ ಐದನೇ ಒಂದು ಭಾಗ ಮಾತ್ರ ಕೈಗೆ ಬರುತ್ತದೆ. ಹೊಲೆಸ್ ವಿಲ್ಬರ್ ಆಲೆನ್ ಎಂಬ ಮಿಸೌರಿಯ ವ್ಯಕ್ತಿಗೆ ಇದರ ಪೇಟೆಂಟ್ ಸಿಕ್ಕಿದ್ದು 1969ರಲ್ಲಿ. ಅದು ಬಂದಾಗಲೂ ಹಳೆಯ ಬಿಲ್ಲಿನವರು ಇದೇ ಮಾತು ಆಡಿದರು. ಪೋಪ್ ಆ್ಯಂಡ್ ಯಂಗ್ ಕ್ಲಬ್ ಬಿಲ್ಲುಬೇಟೆಯ ದಾಖಲೆ ಇಡುವ ಸಂಸ್ಥೆ. ಅದು ಕ್ರಾಸ್‌ಬೋವನ್ನು ಬಿಲ್ಲು ಎಂದು ಒಪ್ಪುವುದಿಲ್ಲ, ಅದರಲ್ಲಿ ಹೊಡೆದದ್ದನ್ನು ದಾಖಲೆಗೆ ಸೇರಿಸುವುದಿಲ್ಲ. ದಾಖಲೆಯ ಮಟ್ಟಿಗೆ ಅದು ಸರಿಯೇ. ಕಾಡಿಗೆ ಯಾರು ಹೋಗಬಹುದು ಅನ್ನುವುದನ್ನು ಆ ಪಟ್ಟಿ ನೋಡಿ ತೀರ್ಮಾನಿಸಲು ಆಗುವುದಿಲ್ಲ.

ಪೆನ್ಸಿಲ್ವೇನಿಯಾದಲ್ಲಿ 2009ಕ್ಕೆ ಮೊದಲು ಬಿಲ್ಲಿನ ಸೀಸನ್‌ನಲ್ಲಿ ಕ್ರಾಸ್‌ಬೋ ಬೇಕೆಂದರೆ ಹೆಚ್ಚಿನ ಕಡೆ ಅಂಗವೈಕಲ್ಯದ ಪರವಾನಗಿ ಬೇಕಿತ್ತು. ಆ ವರ್ಷದಿಂದ ಎಲ್ಲರಿಗೂ ಬಿಟ್ಟರು. ನಮ್ಮ ಪಕ್ಕದ ಮನೆಯ ಹಿರಿಯರಿಗೆ ಹೆಗಲಿನ ಆಪರೇಷನ್ ಆಗಿದೆ. ಜಿಂಕೆಗೆ ಕನಿಷ್ಠ 35 ಪೌಂಡ್ ಎಳೆತದ ಬಿಲ್ಲು ಇರಬೇಕು, ಅಷ್ಟನ್ನು ಎಳೆಯಲು ಅವರ ಕೈಲಿ ಆಗುವುದಿಲ್ಲ. ಈಗ ಕ್ರಾಸ್‌ಬೋ ಹಿಡಿದು ಮೊಮ್ಮಗಳ ಜೊತೆ ಹೋಗುತ್ತಾರೆ. ಇಂಥವರು ಬೇಕು. 1980ರ ದಶಕದ ಆರಂಭದಲ್ಲಿ ಈ ರಾಜ್ಯದಲ್ಲಿ 12 ಲಕ್ಷಕ್ಕೂ ಜಾಸ್ತಿ ಬೇಟೆಗಾರರು ಲೈಸೆನ್ಸ್ ತೆಗೆದುಕೊಳ್ಳುತ್ತಿದ್ದರು. ಈಗ 9 ಲಕ್ಷ ಕೂಡ ಇಲ್ಲ. ವನ್ಯಜೀವಿ ಇಲಾಖೆಗೆ ಲೈಸೆನ್ಸ್‌ನಿಂದ ಹಣ ಬರುತ್ತದೆ, ಜೊತೆಗೆ ಬಂದೂಕು, ಬಿಲ್ಲುಗಳ ಮೇಲೆ ಕೇಂದ್ರ ಹಾಕುವ ತೆರಿಗೆಯಿಂದಲೂ. ಮನೆಗಳ ನಡುವಿನ ಸಣ್ಣ ಕಾಡುಗಳಲ್ಲಿ ರೈಫಲ್ ಹಾರಿಸಲು ಆಗುವುದಿಲ್ಲ. ಜಿಂಕೆ ತುಂಬಿರುವುದು ಅಲ್ಲೇ. ಓಹಾಯೋದಲ್ಲಿ 1970ರ ದಶಕದಿಂದಲೂ ಕ್ರಾಸ್‌ಬೋ ಇದೆ, ಅಲ್ಲಿ ಜಿಂಕೆ ಮುಗಿದುಹೋಗಿಲ್ಲ.

ಪಶ್ಚಿಮದ ರಾಜ್ಯಗಳ ಕಥೆ ಬೇರೆ. ಕೊಲೊರಾಡೋದಲ್ಲಿ ಬಿಲ್ಲಿನ ಸೀಸನ್‌ನಲ್ಲಿ ಕ್ರಾಸ್‌ಬೋಗೆ ಅವಕಾಶ ಇಲ್ಲ, ರೈಫಲ್ ಸೀಸನ್‌ನಲ್ಲಿ ಮಾತ್ರ ಬಳಸಬಹುದು. ಅದನ್ನು ನಾನು ಪೂರ್ತಿ ಒಪ್ಪುತ್ತೇನೆ. ಅಲ್ಲಿ ಬಿಲ್ಲಿನವರು ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಹಿಂದೆ ಹೋಗುವುದು ಸೆಪ್ಟೆಂಬರ್‌ನಲ್ಲಿ, ಅವು ಬೆದೆಗೆ ಬಂದು ಕೂಗುವ ಕಾಲದಲ್ಲಿ. ಒಳ್ಳೆಯ ಪ್ರದೇಶಗಳ ಟ್ಯಾಗ್‌ಗೆ (ಒಂದು ಪ್ರಾಣಿ ಹೊಡೆಯಲು ಇಲಾಖೆ ಕೊಡುವ ಪರವಾನಗಿ) ಜನ ವರ್ಷಗಟ್ಟಲೆ ಕಾಯುತ್ತಾರೆ. ಆಯುಧ ಸುಲಭವಾದಷ್ಟೂ ಹೆಚ್ಚು ಎಲ್ಕ್ ಬೀಳುತ್ತವೆ, ಆಗ ಇಲಾಖೆ ಟ್ಯಾಗ್ ಕಡಿಮೆ ಮಾಡಬೇಕು ಇಲ್ಲವೇ ದಿನ ಕಡಿಮೆ ಮಾಡಬೇಕು. ಬಿಲ್ಲು ಹಿಡಿದವರಿಗೆ ನಿಜವಾದ ನಷ್ಟ ಅಲ್ಲಿ ಆಗುತ್ತದೆ. ಅಂಥ ಕಡೆ ವಯಸ್ಸಾದವರಿಗೆ, ಅಂಗವೈಕಲ್ಯ ಇರುವವರಿಗೆ ಮಾತ್ರ ಬಿಟ್ಟರೆ ಸಾಕು.

ನೀವೇ ಕ್ರಾಸ್‌ಬೋ ಕೊಳ್ಳುವ ಯೋಚನೆಯಲ್ಲಿದ್ದರೆ ಒಂದು ಮಾತು. ಎಡಗೈ ಹೆಬ್ಬೆರಳು ಹೆದೆ ಹಾದುಹೋಗುವ ದಾರಿಗಿಂತ ಕೆಳಗೇ ಇರಲಿ, ಇಲ್ಲದಿದ್ದರೆ ಹೆದೆ ಬೆರಳನ್ನೇ ಕತ್ತರಿಸುತ್ತದೆ. ಬಾಣ ಇಡದೆ ಟ್ರಿಗರ್ ಒತ್ತಬೇಡಿ. ಬಾಣ ಏರಿಸಿಕೊಂಡು ಅಟ್ಟಣೆ ಹತ್ತಬೇಡಿ, ಬಾಣ ಏರಿಸದ ಕ್ರಾಸ್‌ಬೋವನ್ನು ಕೆಳಗೇ ಹಗ್ಗಕ್ಕೆ ಕಟ್ಟಿಟ್ಟು, ಮೇಲೆ ಕೂತ ನಂತರ ಎಳೆದುಕೊಳ್ಳಿ.