ಮಗಳ ಸ್ಕೂಲಿನ ಬಗ್ಗೆ ಕೇಳಿದ್ದೀಯಲ್ಲ

ತಂಗಿ, ನೀನು ಬರೆದದ್ದನ್ನು ಎರಡು ಸಲ ಓದಿದೆ. ಜೂನ್‌ನಲ್ಲಿ ತುಮಕೂರು ಬಿಟ್ಟು ನ್ಯೂಜರ್ಸಿಗೆ ಬರುತ್ತಿದ್ದೀರಿ. ಮಗಳು ಮೂರನೇ ಕ್ಲಾಸ್ ಮುಗಿಸಿದ್ದಾಳೆ. "ಅಲ್ಲಿ ಫೀಸೇ ಇಲ್ಲವಂತೆ, ಪುಸ್ತಕದ ಬದಲು ಲ್ಯಾಪ್‌ಟಾಪ್ ಕೊಡ್ತಾರಂತೆ, ಹೋಮ್‌ವರ್ಕೂ ಕಡಿಮೆಯಂತೆ. ಹೀಗಾದ್ರೆ ಇವಳು ಕಲಿಯೋದೇನು ಅಕ್ಕಾ? ಯಾವ ಊರಲ್ಲಿ ಮನೆ ಮಾಡಲಿ?" ಎಂದು ಕೇಳಿದ್ದೀಯ. ಅಕ್ಕಾ ಎಂದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ.

ನಾನೂ ಇದೇ ಗಾಬರಿಯಲ್ಲಿ ಬಂದವಳು. 1998ರ ಜನವರಿ. ಮಗನಿಗೆ 8 ವರ್ಷ. ಅರಸೀಕೆರೆಯಲ್ಲಿ ಮೂರನೇ ಕ್ಲಾಸನ್ನು ನಡುವೆಯೇ ಬಿಡಿಸಿ ಕರೆದುಕೊಂಡು ಬಂದಿದ್ದೆವು. ಮೊದಲು ಇದ್ದದ್ದು ಮಿಡ್‌ವೆಸ್ಟ್‌ನ ಒಂದು ಸಣ್ಣ ಊರಿನಲ್ಲಿ. ಸ್ಕೂಲ್ ಆಫೀಸಿನ ಬಾಗಿಲಲ್ಲಿ ಬೂಟಿನ ಹಿಮ ಕೊಡವಿಕೊಳ್ಳುತ್ತಾ ನಿಂತಿದ್ದೆ. ಕೈಚೀಲದಲ್ಲಿ ಟಿಸಿ, ಮಾರ್ಕ್ಸ್ ಕಾರ್ಡ್, ಹೆಡ್‌ಮಾಸ್ಟರ್ ಕೊಟ್ಟ ನಡತೆ ಪತ್ರ ಎಲ್ಲ ಜೋಡಿಸಿಟ್ಟಿದ್ದೆ. ಅವರು ಕೇಳಿದ್ದು ಲಸಿಕೆ ಕಾರ್ಡು ಮತ್ತು ಬಾಡಿಗೆ ಕರಾರು. ಬಾಡಿಗೆ ಕರಾರು ಇಲ್ಲಿ ಮನೆ ಹಿಡಿದ ಮೇಲೆ ಸಿಗುತ್ತದೆ. ಲಸಿಕೆ ಕಾರ್ಡನ್ನೂ, ಮಗಳ ಜನನ ಪತ್ರವನ್ನೂ ಕೈಚೀಲದಲ್ಲೇ ಇಟ್ಟುಕೋ. ಸೂಟ್‌ಕೇಸ್‌ಗೆ ಹಾಕಬೇಡ.

ಸಣ್ಣ ಪ್ರಶ್ನೆಗಳನ್ನು ಬೇಗ ಮುಗಿಸುತ್ತೇನೆ. ಸರ್ಕಾರಿ ಸ್ಕೂಲಿಗೆ ಫೀಸ್ ಇಲ್ಲ, ನಿಜ. ಇಲ್ಲಿ ಸರ್ಕಾರಿ ಸ್ಕೂಲ್ ಎಂದರೆ ಯಾರೂ ಮೂಗು ಮುರಿಯುವುದಿಲ್ಲ. ಡಬ್ಬಿಗೆ ಚಿತ್ರಾನ್ನ, ಚಪಾತಿ ಧೈರ್ಯವಾಗಿ ಹಾಕು. ಕಡಲೆಬೀಜ ಮಾತ್ರ ಬೇಡ, ಅಲರ್ಜಿ ಇರುವ ಮಕ್ಕಳಿರುತ್ತಾರೆ. ಚಳಿಗೆ ಒಳ್ಳೆಯ ಕೋಟು ಇಲ್ಲೇ ತೆಗೆದುಕೋ.

ಮನೆಯ ವಿಷಯ ಹೀಗೆ. ಇಲ್ಲಿ ನಿನ್ನ ವಿಳಾಸವೇ ನಿನ್ನ ಮಗಳ ಸ್ಕೂಲನ್ನು ಗೊತ್ತುಮಾಡುತ್ತದೆ. ಸ್ಕೂಲಿನ ಖರ್ಚಿಗೆ ದೊಡ್ಡ ಪಾಲು ಬರುವುದು ಊರಿನ ಮನೆಗಳ ಮೇಲಿನ ತೆರಿಗೆಯಿಂದ. ಹಾಗಾಗಿ ಆ ತೆರಿಗೆಯೊಂದನ್ನೇ ನಂಬಿದರೆ ಶ್ರೀಮಂತರ ಊರಿನ ಸ್ಕೂಲಿಗೆ ದುಡ್ಡು ಜಾಸ್ತಿ, ಬಡವರ ಊರಿಗೆ ಕಡಿಮೆ. ಇದೇ ನ್ಯೂಜರ್ಸಿಯಲ್ಲಿ 1981ರಲ್ಲಿ ಕ್ಯಾಮ್ಡೆನ್, ಈಸ್ಟ್ ಆರೆಂಜ್, ಇರ್ವಿಂಗ್ಟನ್, ಜರ್ಸಿ ಸಿಟಿಯ 20 ಮಕ್ಕಳ ಪರವಾಗಿ ಕೋರ್ಟಿಗೆ ಹೋದರು. ನಮ್ಮ ಮಕ್ಕಳಿಗೇಕೆ ಹಳೇ ಕಟ್ಟಡ, ಹಳೇ ಪುಸ್ತಕ ಎಂದು ಕೇಳಿದರು. ಕೇಸು ವರ್ಷಗಟ್ಟಲೆ ನಡೆಯಿತು. 1990ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು, ಬಡ ಊರುಗಳ ಸ್ಕೂಲಿಗೂ ಶ್ರೀಮಂತ ಊರುಗಳಷ್ಟೇ ಖರ್ಚು ಮಾಡಬೇಕೆಂದು ಹೇಳಿತು. ಮನೆ ಹುಡುಕುವ ವೆಬ್‌ಸೈಟ್‌ಗಳಲ್ಲಿ ಪ್ರತಿ ಸ್ಕೂಲಿಗೂ 10ಕ್ಕೆ ಇಷ್ಟು ಅಂಕ ಎಂದು ಹಾಕಿರುತ್ತಾರೆ. 9 ಇರುವ ಕಡೆಯೇ ಬೇಕೆಂದು ಬಾಡಿಗೆಗೆ ಸಾಲ ಮಾಡಬೇಡ. ಆ ಅಂಕ ಹೆಚ್ಚಾಗಿ ಪರೀಕ್ಷೆಯದ್ದು. ಮೇಷ್ಟ್ರು ಹೇಗೆ ಕಲಿಸುತ್ತಾರೆ ಎನ್ನುವುದು ಅದರಲ್ಲಿ ಕಾಣುವುದಿಲ್ಲ.

ಇನ್ನು ಲ್ಯಾಪ್‌ಟಾಪ್. ನಾವೀಗ ಇರುವುದು ಎಡಿಸನ್‌ನಲ್ಲಿ. ಬಲ್ಬಿನ ಎಡಿಸನ್ ಕೆಲಸ ಮಾಡಿದ ಮೆನ್ಲೋ ಪಾರ್ಕ್ ಈ ಊರಿನೊಳಗೇ ಇದೆ, 1954ರಲ್ಲಿ ಊರಿಗೇ ಅವನ ಹೆಸರಿಟ್ಟರು. ಅವನು 1913ರಲ್ಲಿ, ಇನ್ನು ಸ್ವಲ್ಪ ದಿನದಲ್ಲೇ ಸ್ಕೂಲುಗಳಲ್ಲಿ ಪುಸ್ತಕ ಇರುವುದಿಲ್ಲ, ಎಲ್ಲವನ್ನೂ ಸಿನಿಮಾ ತೋರಿಸಿಯೇ ಕಲಿಸಬಹುದು ಎಂದಿದ್ದ. ಸಿನಿಮಾ ಯಂತ್ರ ಅವನದೇ ವ್ಯಾಪಾರವಾಗಿತ್ತು ಎನ್ನುವುದನ್ನೂ ನೆನಪಿಡು. ಆಮೇಲೆ ರೇಡಿಯೋ ಬಂತು, ಟಿವಿ ಬಂತು, ಕಂಪ್ಯೂಟರ್ ಬಂತು. ಪ್ರತಿ ಸಲವೂ ಇದೇ ಮಾತು. ಈಗ ಕ್ರೋಮ್‌ಬುಕ್ ಎನ್ನುವ ಲ್ಯಾಪ್‌ಟಾಪ್. 2011ರಲ್ಲಿ ಮಾರುಕಟ್ಟೆಗೆ ಬಂತು, ಅಗ್ಗವೆಂದು ಸ್ಕೂಲುಗಳು ಕೊಂಡವು, 2020ರ ಕೋವಿಡ್ ಹೊತ್ತಿಗೆ ಮನೆಮನೆಗೂ ಬಂತು. ನಿನ್ನ ಮಗಳಿಗೂ ಒಂದು ಕೊಡುತ್ತಾರೆ. ಬೇಡ ಅನ್ನಬೇಡ. ಸಂಜೆ ಮಾತ್ರ ಒಂದು ರೂಲ್ಡ್ ನೋಟ್‌ಬುಕ್ ತೆಗೆಸಿ, ಪೆನ್ಸಿಲ್‌ನಲ್ಲಿ ನಾಲ್ಕು ಲೆಕ್ಕ ಮಾಡಿಸು.

ನನ್ನ ಕಣ್ಣಿಗೆ ಎಡಿಸನ್‌ನ ಸಿನಿಮಾಕ್ಕಿಂತ ದೊಡ್ಡ ಬದಲಾವಣೆ ತಂದದ್ದು ಹಳದಿ ಬಸ್ಸು. ಒಂದು ಕಾಲಕ್ಕೆ ಇಲ್ಲಿನ ಹಳ್ಳಿಗಳಲ್ಲೆಲ್ಲ ಒಂದೇ ಕೋಣೆಯ ಶಾಲೆಗಳಿದ್ದವು. ನಮ್ಮ ಏಕೋಪಾಧ್ಯಾಯ ಶಾಲೆಗಳ ಹಾಗೆ. ರಸ್ತೆ ಬಂತು, ಬಸ್ ಬಂತು, ಆ ಶಾಲೆಗಳು ಮುಚ್ಚಿ ದೊಡ್ಡ ಶಾಲೆಗಳಾದವು. 1939ರಲ್ಲಿ ನ್ಯೂಯಾರ್ಕ್‌ನಲ್ಲಿ ಸಭೆ ಸೇರಿ ಎಲ್ಲ ಸ್ಕೂಲ್ ಬಸ್ಸಿಗೂ ಒಂದೇ ಹಳದಿ ಬಣ್ಣ ಎಂದು ಒಪ್ಪಿದರು. ಒಂದು ಕಡೆಯ ಸ್ಕೂಲುಗಳನ್ನೆಲ್ಲ ಸೇರಿಸಿ ನಡೆಸುವ ಆಡಳಿತಕ್ಕೆ ಇಲ್ಲಿ ಸ್ಕೂಲ್ ಡಿಸ್ಟ್ರಿಕ್ಟ್ ಎನ್ನುತ್ತಾರೆ. ಆಗ ದೇಶದಲ್ಲಿ ಅಂಥವೇ 1 ಲಕ್ಷಕ್ಕೂ ಜಾಸ್ತಿ ಇದ್ದವು. ಈಗ ಸುಮಾರು 13 ಸಾವಿರ. ಆದರೂ ಹೆಚ್ಚಿನ ಕಡೆ ಡಿಸ್ಟ್ರಿಕ್ಟನ್ನು ನಡೆಸುವುದು ಊರಿನವರೇ ಓಟು ಹಾಕಿ ಆರಿಸಿದ ಬೋರ್ಡು. ಅದರ ಮೀಟಿಂಗಿಗೆ ಯಾರು ಬೇಕಾದರೂ ಹೋಗಬಹುದು, ಎದ್ದು ಮಾತಾಡಬಹುದು. ನನಗೆ ಇದು ಗೊತ್ತಾಗುವುದಕ್ಕೆ ನಾಲ್ಕು ವರ್ಷ ಬೇಕಾಯಿತು.

ನನ್ನ ಅಪ್ಪ ಹಳ್ಳಿ ಶಾಲೆಯಲ್ಲಿ ಮೇಷ್ಟ್ರು. ಹೆತ್ತವರು ಶಾಲೆಗೆ ಬರುತ್ತಿದ್ದದ್ದು ಕರೆಸಿದಾಗ ಮಾತ್ರ. ಚಪ್ಪಲಿ ಜಗಲಿಯ ಕೆಳಗೆ ಬಿಟ್ಟು, ಬಾಗಿಲ ಹತ್ತಿರ ನಿಂತು, "ನೀವು ಹೇಗೆ ಹೇಳ್ತೀರೋ ಹಾಗೆ ಮೇಷ್ಟ್ರೇ" ಎಂದು ಹೇಳಿ ಹೋಗುತ್ತಿದ್ದರು. ಅದು ನಿನಗೂ ಗೊತ್ತಿರುವ ಮರ್ಯಾದೆಯೇ ಅಲ್ವಾ? ಅದನ್ನೇ ಕಟ್ಟಿಕೊಂಡು ನಾನು ಇಲ್ಲಿಗೆ ಬಂದೆ.

ಸೇರಿಸುವ ದಿನ ಒಂದು ಫಾರಂ ಕೊಟ್ಟರು. ಮಗು ಮೊದಲು ಕಲಿತ ಭಾಷೆ ಯಾವುದು, ಮನೆಯಲ್ಲಿ ಆಡುವ ಭಾಷೆ ಯಾವುದು ಎಂದಿತ್ತು. ಎರಡಕ್ಕೂ ಕನ್ನಡ ಎಂದು ಬರೆದೆ. ಮುಂದಿನ ವಾರದಿಂದ ಅವನನ್ನು ಇಎಸ್‌ಎಲ್ ಎನ್ನುವ ಇಂಗ್ಲಿಷ್ ಕಲಿಸುವ ಕ್ಲಾಸಿಗೆ ಕಳಿಸಿದರು. ಅದು ಕ್ಯಾಂಟೀನ್ ಪಕ್ಕದ ಸಣ್ಣ ಕೋಣೆ. ಕಿಟಕಿ ಇಲ್ಲ. ಗೋಡೆಗೆ ರಟ್ಟಿನ ಡಬ್ಬಗಳನ್ನು ಒಟ್ಟಿದ್ದರು. ಇವನ ಜೊತೆ ಮೆಕ್ಸಿಕೋದ ಅಣ್ಣ ತಂಗಿ, ವಿಯೆಟ್ನಾಮಿನ ಒಂದು ಹುಡುಗಿ. ಹಣ್ಣಿನ ಚಿತ್ರಕ್ಕೆ ಬಣ್ಣ ತುಂಬಿ ಹೆಸರು ಹೇಳಬೇಕು. ಆಪಲ್, ಬನಾನ. ದಿನಾ ಹತ್ತೂಕಾಲರಿಂದ ಹನ್ನೊಂದರವರೆಗೆ. ಆ ಹೊತ್ತಿಗೆ ಅವನ ಕ್ಲಾಸಿನಲ್ಲಿ ನಡೆಯುತ್ತಿದ್ದದ್ದು ಲೆಕ್ಕ.

ಅವನಿಗೆ ಹತ್ತೊಂಬತ್ತರ ಮಗ್ಗಿ ಬರುತ್ತಿತ್ತು ತಂಗಿ. ನನ್ನ ಅಪ್ಪ ಸಂಜೆ ದೀಪ ಹಚ್ಚಿದ ಮೇಲೆ ತೊಡೆಯ ಮೇಲೆ ಕೂರಿಸಿಕೊಂಡು ಹೇಳಿಸಿದ್ದರು. ಹತ್ತೊಂಬತ್ತೇಳು ನೂರ ಮೂವತ್ತಮೂರು ಎನ್ನುವಾಗ ತಲೆ ಆಡಿಸುತ್ತಿದ್ದ. ಅಂಥ ಹುಡುಗ ಲೆಕ್ಕದ ಹೊತ್ತಿನಲ್ಲಿ ಬಾಳೆಹಣ್ಣಿಗೆ ಹಳದಿ ತುಂಬುತ್ತಾ ಕೂತಿದ್ದ. ಒಂದೂವರೆ ವರ್ಷ.

ನನಗೆ ಗೊತ್ತಿತ್ತು. ಮೊದಲ ತಿಂಗಳಲ್ಲೇ ಅವನು ಹೇಳಿದ್ದ. ಮೂರು ತಿಂಗಳಿಗೊಮ್ಮೆ ಹಸಿರು ಹಾಳೆ ಮನೆಗೆ ಬರುತ್ತಿತ್ತು. ಕೆಳಗೆ ಎರಡು ಚೌಕ: ಇದಕ್ಕೆ ಒಪ್ಪಿದ್ದೀರಾ, ಟೀಚರ್ ಜೊತೆ ಮಾತಾಡಬೇಕಾ. ಮೊದಲನೆಯದಕ್ಕೆ ಗುರುತು ಹಾಕಿ, ಎರಡನೆಯದನ್ನು ಖಾಲಿ ಬಿಟ್ಟು ಸಹಿ ಮಾಡುತ್ತಿದ್ದೆ. ಮೇಷ್ಟ್ರ ಮಗಳಾಗಿ ಮೇಷ್ಟ್ರನ್ನು ಪ್ರಶ್ನೆ ಮಾಡುವುದಾ ಎನಿಸುತ್ತಿತ್ತು.

ಐದನೇ ಕ್ಲಾಸಿನ ಕೊನೆಯಲ್ಲಿ ಒಂದು ಪರೀಕ್ಷೆ ಕೊಟ್ಟು ಮಕ್ಕಳನ್ನು ಗಣಿತಕ್ಕೆ ಬೇರೆ ಬೇರೆ ಗುಂಪು ಮಾಡಿದರು. ಇವನು ಕೆಳಗಿನ ಗುಂಪಿಗೆ ಹೋದ. ಆ ಗುಂಪಿನ ಬೆಲೆ ನನಗೆ ಆಮೇಲೆ ತಿಳಿಯಿತು. ಮೇಲಿನ ಗುಂಪಿನವರು ಎಂಟನೇ ಕ್ಲಾಸಿಗೇ ಆಲ್ಜೀಬ್ರಾ ಹಿಡಿಯುತ್ತಾರೆ, ಹನ್ನೆರಡಕ್ಕೆ ಕ್ಯಾಲ್ಕ್ಯುಲಸ್ ಮುಟ್ಟುತ್ತಾರೆ. ಕೆಳಗಿನವರಿಗೆ ಹೈಸ್ಕೂಲಿನ ನಾಲ್ಕು ವರ್ಷ ಅಷ್ಟಕ್ಕೆ ಸಾಲುವುದಿಲ್ಲ. ಆರನೇ ಕ್ಲಾಸಿನಲ್ಲಿ ಮೊದಲ ಸಲ ಧೈರ್ಯ ಮಾಡಿ ಟೀಚರನ್ನು ಕೇಳಿದೆ. ಅವರು ಒಳ್ಳೆಯ ಹೆಂಗಸು. ಫೈಲ್ ತಿರುಗಿಸಿ ನೋಡಿ, "ನೀವು ಪ್ರತಿ ಸಲವೂ ಒಪ್ಪಿಗೆ ಹಾಕಿದ್ದೀರಿ, ನಿಮಗೆ ಸಮಾಧಾನ ಇದೆ ಅಂದುಕೊಂಡೆವು" ಎಂದರು. ನನ್ನ ಸಹಿಗಳೇ ಅಲ್ಲಿದ್ದವು, ಸಾಲಾಗಿ.

ಆ ಚಳಿಗಾಲ ಅವನು ಹೇಳಿದ: "ನನಗೆ ಲೆಕ್ಕ ಬರಲ್ಲ ಅಮ್ಮ." ಊರಿಗೆ ಫೋನ್ ಮಾಡಿದಾಗಲೆಲ್ಲ ಅಪ್ಪ ಕೇಳುತ್ತಿದ್ದರು, "ಮಗ್ಗಿ ಹೇಳ್ತಾನಾ?" ಹೇಳುತ್ತಾನೆ ಎನ್ನುತ್ತಿದ್ದೆ. 2003ರಲ್ಲಿ ಅಪ್ಪ ತೀರಿಕೊಂಡರು. ನಿಜ ಅವರಿಗೆ ಗೊತ್ತಾಗಲೇ ಇಲ್ಲ.

ಆಮೇಲೆ ಇಲ್ಲಿನ ಶಾಲೆಗಳ ಚರಿತ್ರೆಯನ್ನು ಲೈಬ್ರರಿಯಿಂದ ತಂದು ಓದಿದೆ. ಎಲ್ಲಿ ಎಡವಿದೆ ಎಂದು ನನಗೆ ಗೊತ್ತಾಗಬೇಕಿತ್ತು. 1957ರಲ್ಲಿ ರಷ್ಯಾ ಸ್ಪುಟ್ನಿಕ್ ಉಪಗ್ರಹ ಹಾರಿಸಿತು. ಅಮೆರಿಕಕ್ಕೆ ದಿಗಿಲಾಯಿತು. 1958ರಲ್ಲೇ ಕಾನೂನು ಮಾಡಿ ಗಣಿತಕ್ಕೆ, ವಿಜ್ಞಾನಕ್ಕೆ ದುಡ್ಡು ಸುರಿದರು. ಪರೀಕ್ಷೆ ಮಾಡಿ ಚುರುಕು ಮಕ್ಕಳನ್ನು ಹುಡುಕುವುದಕ್ಕೂ ಅದರಲ್ಲೇ ದುಡ್ಡಿತ್ತು. ಆ ಪರೀಕ್ಷೆಗಳನ್ನು ತಿದ್ದುವುದಕ್ಕೆ ಯಂತ್ರ ಅದಕ್ಕಿಂತ ಮುಂಚೆಯೇ ತಯಾರಾಗಿತ್ತು. ಐಬಿಎಂನವರು 1938ರಲ್ಲೇ ಮಾಡಿದ್ದರು. ಪೆನ್ಸಿಲ್ ಗುರುತಿನಲ್ಲಿ ಕರೆಂಟ್ ಹರಿಯುತ್ತದೆ, ಅದನ್ನು ಅಳೆದು ಯಂತ್ರ ಅಂಕ ಕೊಡುತ್ತಿತ್ತು. 2002ರಲ್ಲಿ ಇನ್ನೊಂದು ಕಾನೂನು ಬಂದು, ಮೂರರಿಂದ ಎಂಟನೇ ಕ್ಲಾಸಿನವರೆಗೆ ಪ್ರತಿ ವರ್ಷ ಓದು ಮತ್ತು ಗಣಿತದ ಪರೀಕ್ಷೆ ಕಡ್ಡಾಯವಾಯಿತು. ನಿನ್ನ ಮಗಳೂ ಬರೆಯಬೇಕು. ಹೈಸ್ಕೂಲಿನಲ್ಲಿ ಒಂದೊಂದು ವಿಷಯ ಓದಿ ಮುಗಿಸಿದ್ದಕ್ಕೆ ಕ್ರೆಡಿಟ್ ಎಂದು ಎಣಿಸುತ್ತಾರೆ. ಆ ಲೆಕ್ಕದ ಹಿಂದೆ ಉಕ್ಕಿನ ವ್ಯಾಪಾರಿ ಆಂಡ್ರ್ಯೂ ಕಾರ್ನೆಗಿಯ ದುಡ್ಡಿದೆ. 1905ರಲ್ಲಿ ಅವನು ಪ್ರೊಫೆಸರ್‌ಗಳ ಪಿಂಚಣಿಗೆಂದು ಸಂಸ್ಥೆ ಕಟ್ಟಿದ. ಪಿಂಚಣಿ ಬೇಕಾದ ಕಾಲೇಜುಗಳು, ಹೈಸ್ಕೂಲಿನಲ್ಲಿ ಇಷ್ಟು ವಿಷಯ ಇಷ್ಟು ಗಂಟೆ ಓದಿದವರನ್ನೇ ಸೇರಿಸಬೇಕಿತ್ತು. ಒಂದು ವಿಷಯಕ್ಕೆ ವರ್ಷಕ್ಕೆ ಸುಮಾರು 120 ಗಂಟೆ. ಆ ಅಳತೆಯೇ ಉಳಿದುಬಿಟ್ಟಿತು.

ಯಂತ್ರ ಮಾಡಿದ್ದು, ವ್ಯಾಪಾರಿ ಮಾಡಿದ್ದು ಹೀಗೆ. ಹೆತ್ತವರು ಮಾಡಿದ್ದನ್ನು ಓದುವಾಗ ನನಗೆ ಕಣ್ಣು ತುಂಬಿತು. ಅಮೆರಿಕದ ದಕ್ಷಿಣದ ಕಪ್ಪು ಜನರ ಮಕ್ಕಳಿಗೆ ಶಾಲೆಗಳೇ ಸಾಲದಿದ್ದಾಗ, ಕಪ್ಪು ಜನರ ಮುಂದಾಳು ಬುಕರ್ ಟಿ. ವಾಷಿಂಗ್ಟನ್, ಅಂಚೆಯಲ್ಲಿ ಸಾಮಾನು ಮಾರುತ್ತಿದ್ದ ಸಿಯರ್ಸ್ ಕಂಪನಿಯ ಜೂಲಿಯಸ್ ರೋಸನ್‌ವಾಲ್ಡ್ ಜೊತೆ ಕೈಜೋಡಿಸಿದರು. ಸುಮಾರು 5 ಸಾವಿರ ಶಾಲೆ ಎದ್ದವು. ಆ ಬಡ ಜನವೂ ತಮ್ಮ ದುಡ್ಡು, ಬೆವರು ಎರಡೂ ಹಾಕಿದರು. 1954ರಲ್ಲಿ ಬಿಳಿಯರಿಗೆ ಕಪ್ಪು ಜನರಿಗೆ ಬೇರೆ ಬೇರೆ ಶಾಲೆ ತಪ್ಪು ಎಂದು ಸುಪ್ರೀಂ ಕೋರ್ಟ್ ಹೇಳಿದ್ದೂ ಹೆತ್ತವರು ಹಾಕಿದ ಕೇಸಿನಲ್ಲೇ. ಇನ್ನು ನಮಗೆ ಹತ್ತಿರದ್ದು ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಮನೆಗಳ ಕೇಸು. ಸುಮಾರು 1,800 ಮಕ್ಕಳು ಒಂದಕ್ಷರ ಅರ್ಥವಾಗದೆ ಇಂಗ್ಲಿಷ್ ಕ್ಲಾಸಿನಲ್ಲಿ ಕೂತಿದ್ದರು. ಅವರ ಮನೆಯವರು ಕೋರ್ಟಿಗೆ ಹೋದರು. 1974ರಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ, ಭಾಷೆ ಬಾರದ ಮಗುವನ್ನು ಸುಮ್ನೆ ಕೂರಿಸಿದರೆ ಅದು ಕಲಿಸಿದಂತಲ್ಲ ಎಂದಿತು. ನನ್ನ ಮಗನಿಗೆ ಇಎಸ್‌ಎಲ್ ಕೋಣೆ ಸಿಕ್ಕಿದ್ದು ಅವರು ಕೇಳಿದ್ದರಿಂದ. ಲೆಕ್ಕದ ಹೊತ್ತು ಬಿಟ್ಟು ಬೇರೆ ಹೊತ್ತಿಗೆ ಕಳಿಸಿ ಎಂದು ಕೇಳಬೇಕಾದವಳು ನಾನಾಗಿದ್ದೆ.

ಈಗ ಮನೆ ಭಾಷೆ ಕೇಳುವ ಆ ಫಾರಂ ವಿಷಯ. ನಿನಗೂ ಕೊಡುತ್ತಾರೆ. ಇಂಗ್ಲಿಷ್ ಅಂತ ಬರೆದುಬಿಡು, ಇಎಸ್‌ಎಲ್ ತಪ್ಪುತ್ತದೆ ಎಂದು ಇಲ್ಲಿ ತುಂಬಾ ಜನ ಹೇಳುತ್ತಾರೆ. ಕೇಳಬೇಡ. ಕನ್ನಡ ಅಂತಲೇ ಬರೆ. ಅದು ನಿಜ, ಮತ್ತು ಮಗಳಿಗೆ ಸಹಾಯ ಬೇಕಾದರೆ ಅದರಿಂದಲೇ ಸಿಗುತ್ತದೆ. ಅವಳಿಗೊಂದು ಇಂಗ್ಲಿಷ್ ಪರೀಕ್ಷೆ ಮಾಡುತ್ತಾರೆ. ಅದರಲ್ಲಿ ಎಷ್ಟು ಬಂತು, ಯಾವ ಪಾಠದ ಹೊತ್ತಿನಲ್ಲಿ ಹೊರಗೆ ಕರೆದುಕೊಂಡು ಹೋಗುತ್ತೀರಿ, ಯಾವಾಗ ಬಿಡಿಸುತ್ತೀರಿ ಎಂದು ಕೇಳು. ಬೇಡವೆನಿಸಿದರೆ ಬೇಡ ಎನ್ನುವ ಹಕ್ಕೂ ಕಾನೂನಿನಲ್ಲಿ ನಿನಗಿದೆ. ಗಣಿತದ ಗುಂಪು ಯಾವ ಕ್ಲಾಸಿನಲ್ಲಿ ಮಾಡುತ್ತೀರಿ ಎಂದು ಮೊದಲ ವರ್ಷವೇ ಕೇಳಿ ಬರೆದಿಟ್ಟುಕೋ. ಕೇಳಿದರೆ ಅವರು ಬೇಜಾರು ಮಾಡಿಕೊಳ್ಳುವುದಿಲ್ಲ. ನಿನ್ನ ಇಂಗ್ಲಿಷ್ ತಡವರಿಸಿದರೂ ಕಾಯುತ್ತಾರೆ. ದುಭಾಷಿ ಬೇಕು ಎಂದರೆ ಸ್ಕೂಲಿನವರೇ ಒದಗಿಸಬೇಕು. ಮೊದಲ ಸಲ ಹೋಗುವಾಗ ಹೇಳು, ನಾನೂ ಬರುತ್ತೇನೆ.

ಮಗ ಈಗ ಚೆನ್ನಾಗಿದ್ದಾನೆ. ಫಿಸಿಯೋಥೆರಪಿ ಕೆಲಸ, ಪಕ್ಕದ ಊರಲ್ಲೇ ಮನೆ. ಅವನ ಮಗಳು ಈ ಸೆಪ್ಟೆಂಬರ್‌ಗೆ ಒಂದನೇ ಕ್ಲಾಸು. ಬರುವಾಗ ಮಗ್ಗಿ ಪುಸ್ತಕ ಎರಡು ತಾ ತಂಗಿ. ತೆಳ್ಳಗೆ ಇರುತ್ತದಲ್ಲ, ಕನ್ನಡ ಅಂಕಿಯದ್ದು, ಅದೇ. ಒಂದು ನಿನ್ನ ಮಗಳಿಗೆ, ಒಂದು ನಮ್ಮ ಮನೆಗೆ.