ತೀರ್ಪಿನ ಕೊನೆಯ ಪುಟ ಓದಿದ್ದೀರಾ?

ಪ್ರಿಯ ಲೇಖಕರೇ,

ಟಿವಿಯಲ್ಲಿ ಸಲಿಂಗಿಗಳ ಚಿತ್ರಣ ಮತ್ತು ಕಾನೂನಿನಲ್ಲಿ ಅವರ ಸಮಾನತೆಯ ಬಗ್ಗೆ ಕಾರವಾರದಿಂದ ನೀವು ಕಳುಹಿಸಿದ ಲೇಖನ ತಲುಪಿದೆ. ಭಾಷೆ ಸ್ವಚ್ಛವಾಗಿದೆ, ವಿಷಯ ಎತ್ತಿಕೊಳ್ಳಲು ಧೈರ್ಯ ಬೇಕು, ಅಭಿನಂದನೆ. ಆದರೆ ಎರಡನೆಯ ಪುಟದಲ್ಲಿ ನನ್ನನ್ನು ಕೆರಳಿಸಿದ ಮಾತೊಂದಿದೆ. ಅದನ್ನು ಬಿಟ್ಟು ಮುಂದೆ ಹೋಗಲು ನನ್ನಿಂದ ಆಗುತ್ತಿಲ್ಲ.

“2018ರ ತೀರ್ಪಿನಿಂದ ಸಲಿಂಗಿಗಳಿಗೆ ಕಾನೂನಿನಲ್ಲಿ ಸಂಪೂರ್ಣ ಸಮಾನತೆ ದೊರೆತಿದೆ. ಇನ್ನು ಬದಲಾಗಬೇಕಾದದ್ದು ಟಿವಿಯವರ ಮನಸ್ಸು ಮಾತ್ರ” ಎಂದು ಬರೆದಿದ್ದೀರಿ.

ಮೊದಲ ವಾಕ್ಯ ನಿಜವಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಹೇಳಿದ್ದು, ವಯಸ್ಕರಿಬ್ಬರ ಒಪ್ಪಿಗೆಯ ಖಾಸಗಿ ಸಂಬಂಧ ಅಪರಾಧವಲ್ಲ ಎಂದು. ಅದನ್ನು ಅಪರಾಧವೆಂದಿದ್ದ 1860ರ ದಂಡಸಂಹಿತೆಯ ಸೆಕ್ಷನ್ 377 ಅಷ್ಟರ ಮಟ್ಟಿಗೆ ಬಿದ್ದುಹೋಯಿತು. 2009ರಲ್ಲಿ ದೆಹಲಿ ಹೈಕೋರ್ಟ್ ಕೊಟ್ಟಿದ್ದ ಇದೇ ಬಿಡುಗಡೆಯನ್ನು 2013ರಲ್ಲಿ ಸುಪ್ರೀಂ ಕೋರ್ಟೇ ಕಿತ್ತುಕೊಂಡಿತ್ತು. ಹಾಗಾಗಿ ಅದು ದೊಡ್ಡ ಗೆಲುವೇ ಸರಿ. ಆದರೆ ಜೈಲಿನ ಭಯ ಹೋದ ಮಾತ್ರಕ್ಕೆ ಸಮಾನತೆ ಬಂತೇ? ಸಲಿಂಗ ವಿವಾಹದ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ 2023ರ ಅಕ್ಟೋಬರ್ 17ರ ತೀರ್ಪು ನಿಮ್ಮ ಲೇಖನದಲ್ಲಿ ಎಲ್ಲಿದೆ? ಮದುವೆಯಾಗುವುದು ಮೂಲಭೂತ ಹಕ್ಕಲ್ಲ ಎಂದು ಅಂದಿನ ಪೀಠದ ಐವರು ನ್ಯಾಯಮೂರ್ತಿಗಳೂ ಒಮ್ಮತದಿಂದ ಹೇಳಿದರು. ಜಾತಿ, ಧರ್ಮ ನೋಡದೆ ಮದುವೆಗೆ ಅವಕಾಶ ಕೊಡುವ 1954ರ ವಿಶೇಷ ವಿವಾಹ ಕಾಯ್ದೆ ಸಲಿಂಗ ಜೋಡಿಗಳಿಗೆ ದಕ್ಕಲಿಲ್ಲ. ಮದುವೆಯ ಹೆಸರಿಲ್ಲದ ಬೇರೊಂದು ಮಾನ್ಯತೆಯನ್ನಾದರೂ ಕೊಡಬಹುದೇ ಎಂಬ ಪ್ರಶ್ನೆಗೆ ಮೂವರು ಇಲ್ಲ ಎಂದರು, ಇಬ್ಬರು ಹೌದು ಎಂದರು. ಮರುಪರಿಶೀಲನಾ ಅರ್ಜಿಗಳೂ 2025ರ ಜನವರಿಯಲ್ಲಿ ವಜಾ ಆದವು. ಜಂಟಿ ಬ್ಯಾಂಕ್ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲ, ಪಡಿತರ ಚೀಟಿಗೆ ಇಬ್ಬರನ್ನೂ ಒಂದೇ ಮನೆಯವರೆಂದು ಎಣಿಸಿ ಎಂದು 2024ರಲ್ಲಿ ಕೇಂದ್ರ ತಿಳಿಸಿದ್ದು ಅಷ್ಟಿಷ್ಟು ನೆಮ್ಮದಿ. ಆದರೂ ಮೃತ್ಯುಪತ್ರ ಬರೆಯದೆ ಒಬ್ಬರು ತೀರಿಕೊಂಡರೆ, ಜೊತೆಗೆ ಬಾಳಿದವರು ಆ ಮನೆಗೆ ಹೊರಗಿನವರು.

ನಾನು ಕೆಲಸ ಕಲಿತದ್ದು ಶಿರಸಿಯ ಒಂದು ವಾರಪತ್ರಿಕೆಯಲ್ಲಿ. ದೊಡ್ಡ ಮೊಕದ್ದಮೆಗಳಿದ್ದಾಗ ಸಂಪಾದಕರು ನನ್ನನ್ನು ಕಾರವಾರಕ್ಕೆ ಕಳುಹಿಸುತ್ತಿದ್ದರು. ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ಜಿಲ್ಲಾ ನ್ಯಾಯಾಲಯ ಸೇರುವಷ್ಟರಲ್ಲಿ ಅರ್ಧ ದಿನ ಕಳೆದಿರುತ್ತಿತ್ತು. ವಕೀಲರ ವಾದ ಕೇಳಲು ಬಲು ಸೊಗಸು, ನೋಟ್ ಪುಸ್ತಕವೇ ತುಂಬುತ್ತಿತ್ತು. ಸಂಪಾದಕರು ಅದನ್ನು ಬದಿಗಿಟ್ಟು, “ಆದೇಶ ಏನು, ಜಮೀನು ಯಾರಿಗಾಯಿತು?” ಎಂದು ಕೇಳುತ್ತಿದ್ದರು. ಕೊನೆಯ ಪುಟ ನಕಲು ಮಾಡಿಕೊಳ್ಳದೆ ಬಸ್ ಹತ್ತಬಾರದು ಎಂಬುದು ಅವರ ಕಟ್ಟುನಿಟ್ಟು. 2018ರ ತೀರ್ಪಿನ ಚಂದದ ಮಾತುಗಳನ್ನು ನೀವು ಎತ್ತಿ ಬರೆದದ್ದನ್ನು ಓದುವಾಗ ಅವರ ದನಿಯೇ ಕಿವಿಯಲ್ಲಿತ್ತು.

ಇನ್ನು ಎರಡನೆಯ ವಾಕ್ಯ. ಟಿವಿಯವರ ಮನಸ್ಸಿನ ಬಗ್ಗೆ ನಾಲ್ಕು ಪುಟ ಬರೆದಿದ್ದೀರಿ, ಆದರೆ ತೆರೆಯ ಮೇಲೆ ಏನು ನಡೆಯುತ್ತದೆ ಎಂದು ಒಂದು ಕಡೆಯೂ ತೋರಿಸಿಲ್ಲ. “ಕೀಳಾಗಿ ಚಿತ್ರಿಸುತ್ತಾರೆ” ಎಂದರೆ ಹೇಗೆ? ಹಾಸ್ಯ ಕಾರ್ಯಕ್ರಮದಲ್ಲಿ ಒಬ್ಬ ಕೈ ಬಳುಕಿಸುತ್ತ ಬಂದು ಅತಿಥಿಯ ಭುಜಕ್ಕೆ ಒರಗುತ್ತಾನೆ, ಅತಿಥಿ ಹೌಹಾರಿ ಸರಿಯುತ್ತಾನೆ, ತೀರ್ಪುಗಾರರು ಮೇಜು ಕುಟ್ಟುತ್ತಾರೆ. ಆ ಕ್ಷಣವನ್ನು ಬರೆಯಿರಿ. ಹೆಣ್ಣನ್ನು ಪ್ರೀತಿಸುವ ಹೆಣ್ಣಿಗಂತೂ ಆ ನಗೆಯಲ್ಲೂ ಜಾಗವಿಲ್ಲ ಎಂಬುದನ್ನೂ ಬರೆಯಿರಿ. ಧಾರಾವಾಹಿಗಳ ಕಥೆ ಯಾವುದರ ಮೇಲೆ ನಡೆಯುತ್ತದೆ ನೋಡಿ: ತಾಳಿ, ಆಸ್ತಿ, ಆಸ್ಪತ್ರೆ. ಕಾನೂನು ಈ ಜೋಡಿಗಳಿಗೆ ಇನ್ನೂ ಕೊಡದಿರುವುದೂ ಅವನ್ನೇ. ನಿಮ್ಮ ಲೇಖನದ ಎರಡು ಭಾಗಗಳು ಕೂಡುವ ಜಾಗ ಅದು. ನೀವು ಅದರ ಪಕ್ಕದಲ್ಲೇ ಹಾದುಹೋಗಿದ್ದೀರಿ.

ಹಾದುಹೋದದ್ದು ಎಲ್ಲಿ ಎಂದರೆ ಐದನೆಯ ಪುಟದಲ್ಲಿ. ಶಿರಸಿಯಲ್ಲಿ ಬಾಡಿಗೆ ಮನೆ ಹಿಡಿದು ವರ್ಷಗಳಿಂದ ಒಟ್ಟಿಗಿರುವ ಇಬ್ಬರು ಹೆಂಗಸರು. ಒಬ್ಬರಿಗೆ ಶಸ್ತ್ರಚಿಕಿತ್ಸೆ, ಇನ್ನೊಬ್ಬರು ಪೆನ್ನು ಹಿಡಿದು ನಿಂತಿದ್ದರೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಹುಬ್ಬಳ್ಳಿಯಿಂದ ಅಣ್ಣ ಬರಬೇಕಾಯಿತು. ಅಣ್ಣ ಇವರೊಡನೆ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ಇದನ್ನು ಮೂರೇ ಸಾಲಿನಲ್ಲಿ ಮುಗಿಸಿ, ಮುಂದಿನ ಪುಟವನ್ನು ಯಕ್ಷಗಾನದ ಸ್ತ್ರೀವೇಷಕ್ಕೆ ಕೊಟ್ಟಿದ್ದೀರಿ! ನಮ್ಮ ಕಡೆಯ ಬಡಗುತಿಟ್ಟು ಶೈಲಿಯ ಸ್ತ್ರೀವೇಷ ಕಠಿಣ ಕಲೆ. ವೇಷ ಕಟ್ಟಿದವರು ಯಾರನ್ನು ಪ್ರೀತಿಸುತ್ತಾರೆ ಎಂಬುದಕ್ಕೆ ಅದು ಸಾಕ್ಷಿಯಲ್ಲ, ನಮ್ಮ ಊರುಗಳು ಸಲಿಂಗಿಗಳನ್ನು ಒಪ್ಪಿವೆ ಎಂಬುದಕ್ಕೂ ಅಲ್ಲ. ಆ ಪುಟ ತೆಗೆಯಿರಿ. ಆ ಮೂರು ಸಾಲಿಗೆ ಹಿಂದಿರುಗಿ. ಕಾಯುವಾಗ ಅವರು ಎಲ್ಲಿ ಕೂತಿದ್ದರು, ನರ್ಸ್ ಏನೆಂದು ಕೇಳಿದರು, ಅಣ್ಣ ಬಂದು ಮೊದಲು ಯಾರೊಡನೆ ಮಾತನಾಡಿದ ಎಂದು ಕೇಳಿ ತಿಳಿದುಕೊಳ್ಳಿ. 2023ರ ಏಪ್ರಿಲ್, ಮೇ ತಿಂಗಳಲ್ಲಿ ಮದುವೆಯ ಹಕ್ಕಿನ ವಿಚಾರಣೆ ನೇರಪ್ರಸಾರವಾಗಿತ್ತು. ತಮ್ಮಂಥವರ ಬಗ್ಗೆ ಯಾರೂ ನಗದೆ ಗಂಟೆಗಟ್ಟಲೆ ಮಾತನಾಡಿದ್ದನ್ನು ಅವರು ನೋಡಿದರೇ, ಅದನ್ನೂ ಕೇಳಿ.

ಕಡೆಯದಾಗಿ ಒಂದು ಷರತ್ತು. ನೀವು ಅವರ ಬೀದಿಯ ಹೆಸರು, ಕೆಲಸ, ಮನೆ ಎದುರಿನ ಅಂಗಡಿ ಎಲ್ಲವನ್ನೂ ಬರೆದಿದ್ದೀರಿ. ಶಿರಸಿಯಂಥ ಊರಿನಲ್ಲಿ ಅಷ್ಟು ಸಾಕು, ಗುರುತು ಹಿಡಿಯುತ್ತಾರೆ. ಮನೆ ಮಾಲೀಕರೂ ಪತ್ರಿಕೆ ಓದುತ್ತಾರೆ. ಅವನ್ನೆಲ್ಲ ತೆಗೆದು, ಹೊಸ ಪ್ರತಿಯನ್ನು ಮೊದಲು ಆ ಇಬ್ಬರಿಗೆ ಓದಲು ಕೊಡಿ. ಅವರು ಬೇಡವೆಂದ ಸಾಲನ್ನು ಹೊಡೆದುಹಾಕಿ, ಆಮೇಲೆ ನನಗೆ ಕಳುಹಿಸಿ. ಅಲ್ಲಿಯವರೆಗೆ ನಾನು ಇದನ್ನು ಅಚ್ಚು ಮಾಡುವುದಿಲ್ಲ.